ನಂಬರಿಲ್ಲದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ

ಬಂದೂಕಿನ ನೋಂದಣಿ ಕಡ್ಡಾಯ ಮಾಡಿದರೆ ಮಾಲೀಕರು ಬಂದು ಹೆಸರು ಬರೆಸುತ್ತಾರೆಯೇ ಎಂದು ಅಮೆರಿಕದವರು ದಶಕಗಳಿಂದ ಜಗಳವಾಡುತ್ತಿದ್ದಾರೆ. ಕೇಂದ್ರ ಸರ್ಕಾರ ಇಂಥ ದಾಖಲೆಯನ್ನೇ ಇಡಕೂಡದು ಎಂದು 1986ರಲ್ಲಿ ಕಾಯ್ದೆಯನ್ನೂ ಮಾಡಿಕೊಂಡರು. ಪಕ್ಕದ ಕೆನಡಾ 1995ರಲ್ಲಿ ಧೈರ್ಯ ಮಾಡಿತು. 20 ಲಕ್ಷ ಡಾಲರಿನಲ್ಲಿ ಆಗಿಹೋಗುತ್ತದೆ ಎಂದ ಕೆಲಸದ ಲೆಕ್ಕ 100 ಕೋಟಿ ದಾಟಿತು. 2012ರಲ್ಲಿ ಉದ್ದ ನಳಿಗೆಯ ಬಂದೂಕುಗಳ ಮಟ್ಟಿಗೆ ಅದನ್ನು ಕೈಬಿಟ್ಟು ಕೈ ತೊಳೆದುಕೊಂಡರು. ಅಷ್ಟು ದುಡ್ಡು ಸುರಿಯುವ ಬದಲು ಚುನಾವಣೆಯ ಹೊತ್ತಿಗೆ ಒಬ್ಬ ಗುಮಾಸ್ತನನ್ನು ಗದಗಕ್ಕೋ ಹಾವೇರಿಗೋ ಕಳಿಸಿದ್ದರೆ, ಒಂದು ಪ್ಲೇಟ್ ಗಿರಮಿಟ್ ಮುಗಿಯುವುದರೊಳಗೆ ಉತ್ತರ ಸಿಗುತ್ತಿತ್ತು. ಬರುತ್ತಾರೆ ಸ್ವಾಮಿ, ಖಂಡಿತ ಬರುತ್ತಾರೆ. ಯಾರಿಂದ ಯಾರಿಗೂ ಭಯವಿಲ್ಲವೋ ಅವರೆಲ್ಲ ಬರುತ್ತಾರೆ.

ನೀತಿ ಸಂಹಿತೆ ಜಾರಿಯಾಯಿತೆಂದರೆ ನಮ್ಮಲ್ಲಿ ಪರವಾನಗಿ ಪಡೆದ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಪ್ರಕಟಣೆ ಹೊರಡುತ್ತದೆ. ಮರುದಿನವೇ ಹಳ್ಳಿಯಿಂದ ಮೊದಲ ಬಸ್ಸಿಗೆ ಒಬ್ಬ ಯಜಮಾನರು ಇಳಿಯುತ್ತಾರೆ. ಬಗಲಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಜೋಡಿ ನಳಿಗೆ, ಅಪ್ಪನ ಕಾಲದ್ದು. ಅದರ ಹಿಡಿಕೆಯ ಮೇಲೆ ಕಳೆದ ಆಯುಧ ಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದೆ. ವರ್ಷವಿಡೀ ಅದಕ್ಕೆ ನಡೆಯುವ ಸೇವೆ ಅದೊಂದೇ. ಕಿಸೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಲೈಸೆನ್ಸ್ ಪುಸ್ತಕ, ಅದರ ತುಂಬ ನವೀಕರಣದ ಮುದ್ರೆಗಳು. ಠಾಣೆಯ ರೈಟರ್ ನಳಿಗೆಗೆ ರಟ್ಟಿನ ಚೀಟಿ ಕಟ್ಟಿ, ಗಂಟನ್ನು ಎರಡು ಸಲ ಜಗ್ಗಿ ನೋಡಿ ಒಳಗೆ ಒಯ್ಯುತ್ತಾನೆ. ಪ್ರಜಾಪ್ರಭುತ್ವ ಅಲ್ಲಿಗೆ ಸುರಕ್ಷಿತ. ಮತಗಟ್ಟೆಗೆ ನುಗ್ಗಲು ಹೊಂಚು ಹಾಕಿದ್ದ, ಮೊಣಕಾಲು ನೋವಿನ, ಸಕ್ಕರೆ ಕಾಯಿಲೆಯ ಭಯಂಕರ ವ್ಯಕ್ತಿಯೊಬ್ಬರು ನಿರಾಯುಧರಾಗಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುತ್ತಾರೆ.

ಕಾಡಂಚಿನ ಹೊಲದವರ ಪಾಡು ಇನ್ನೂ ಚೆನ್ನ. 2024ರ ನವೆಂಬರ್ 13ರಂದು ಶಿಗ್ಗಾವಿಯಲ್ಲಿ ಉಪಚುನಾವಣೆ ನಡೆಯಿತು. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಕೈಗೆ ಬರುವ ಹೊತ್ತು ಅದು, ಹಂದಿಗಳಿಗೂ ಅದು ಗೊತ್ತು. ಅಭ್ಯರ್ಥಿಗಳನ್ನು ಕಟ್ಟುವ ನೀತಿ ಸಂಹಿತೆ ಹಂದಿಗಳನ್ನು ಕಟ್ಟುವುದಿಲ್ಲ. ಅವು ರಾತ್ರಿ ಹತ್ತರ ನಂತರವೂ ಪ್ರಚಾರ ನಡೆಸುತ್ತವೆ. ಬಂದೂಕು ಕೈಯಲ್ಲಿದ್ದರೂ ರೈತ ಮಾಡುವುದೇನು ಎಂಬುದು ಬೇರೆ ಮಾತು. ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಬೆಳೆ ತಿನ್ನುವ ಹಂದಿಯನ್ನು ಹೊಡೆಯಲು ಮಾತ್ರ 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಬಂದೂಕು ಒಬ್ಬರದು, ಹಂದಿ ಇನ್ನೊಬ್ಬರದು. ರೈತನದು ಎನ್ನಲು ಉಳಿದದ್ದು ಗೋವಿನಜೋಳ, ಅದನ್ನು ಹಂದಿ ತಿಂದಿದೆ.

ಕಡ್ಡಾಯ ನೋಂದಣಿಗೆ ನಮ್ಮ ಸೀಮೆ ಕೊಟ್ಟ ಉತ್ತರ ಮೊದಲಿನಿಂದಲೂ ಹೀಗೇ ಇರಲಿಲ್ಲ ಎಂಬುದನ್ನೂ ಹೇಳಬೇಕು. 1857ರಲ್ಲಿ ಕಂಪನಿ ಸರ್ಕಾರ ಅಪ್ಪಣೆಯಿಲ್ಲದೆ ಆಯುಧ ಇಡಕೂಡದು ಎಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನೇ ಸುಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಿತು. ಅವರ ಕಥೆಯನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವರು ಈಗ ಠಾಣೆಯ ಬಾಗಿಲಲ್ಲಿ ನಿಂತು ‘ಸಾಹೇಬರೇ, ರಶೀದಿ ಸಿಗಲಿಲ್ಲ’ ಎಂದು ಮೆಲ್ಲಗೆ ಕೇಳುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈಗಿರುವುದು ನಮ್ಮದೇ ಸರ್ಕಾರ, ನಮ್ಮದೇ 1959ರ ಆಯುಧ ಕಾಯ್ದೆ.

ಆ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯೂ ಆಯಿತು. ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದುದು ಎರಡಕ್ಕೆ ಇಳಿಯಿತು. ಮೂರನೆಯದನ್ನು ವರ್ಷದೊಳಗೆ ಒಪ್ಪಿಸಬೇಕೆಂದಾಯಿತು. ಯಾರ ಮೂರನೆಯದು? ಪುಸ್ತಕದಲ್ಲಿ ಮೊದಲೇ ಬರೆಸಿದವರದು. ಬರೆಸದವರಿಗೆ ಮೂರನೆಯದು ಎಂಬುದೇ ಇಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಮೊದಲನೆಯದೇ ಇಲ್ಲ. ಪ್ರತಿ ಪರವಾನಗಿಗೂ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆ ಬೇಕೆಂದು ಅದಕ್ಕೂ ಮೊದಲೇ ಆಗಿತ್ತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಬೀಗವಿರುವ ಮನೆಗೆ ಇನ್ನೊಂದು ಬೀಗ ಜಡಿದು, ಬಾಗಿಲೇ ಇಲ್ಲದ ಮನೆಯನ್ನು ದಾಟಿ ಹೋಗುವ ಕಾವಲುಗಾರನ ಶಿಸ್ತು ಇದು.

ಇನ್ನು ಬಾರದವರ ಮಾತು. ಹುಬ್ಬಳ್ಳಿಯಲ್ಲಿ ನಾಡ ಪಿಸ್ತೂಲು ಸಿಕ್ಕ ಸುದ್ದಿ ಓದಿದಾಗಲೆಲ್ಲ ನನಗೊಂದು ಆಸೆ ಹುಟ್ಟುತ್ತದೆ. ಇಂಥವರೂ ಒಮ್ಮೆ ಕಾನೂನಿಗೆ ತಲೆಬಾಗಿ ಸಾಲಿನಲ್ಲಿ ನಿಲ್ಲಬಾರದೇ? ನಿಂತರು ಎಂದೇ ಇಟ್ಟುಕೊಳ್ಳೋಣ. ಯಜಮಾನರ ಮುಂದೆ ಬಿಳಿ ಅಂಗಿಯ ಅಣ್ಣಾವರು ಸೊಂಟದಿಂದ ಸಾಮಾನು ತೆಗೆದು ಮೇಜಿನ ಮೇಲೆ ಇಡುತ್ತಾರೆ.

‘ಬನ್ನಿ ಅಣ್ಣಾವರೇ, ಕುಳಿತುಕೊಳ್ಳಿ. ತಯಾರಕರ ಹೆಸರು?’

‘ಹೆಸರು ಬೇಡ. ಅವರು ಸದ್ಯ ಹಿಂಡಲಗಾ ಜೈಲಿನಲ್ಲಿದ್ದಾರೆ.’

‘ಖರೀದಿ ರಶೀದಿ?’

ಅಣ್ಣಾವರು ನಗುತ್ತಾರೆ. ರೈಟರೂ ನಗುತ್ತಾನೆ.

‘ಉದ್ದೇಶ?’

‘ಬೆಳೆ ರಕ್ಷಣೆ ಎಂದು ಬರೆಯಿರಿ.’

‘ಯಾವ ಬೆಳೆ?’

‘ಬೈಪಾಸ್ ಪಕ್ಕದ ಸೈಟುಗಳು.’

ರೈಟರ್ ನಿಯಮ ತಿಳಿದವನು. ಬೆಳೆ ರಕ್ಷಣೆಗೆ ಕೊಡುವುದು ಮದ್ದು ಜಡಿಯುವ ಬಂದೂಕು. ಅದು ಸಾಲದಿದ್ದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯದು. ಇದು ಗೇಣುದ್ದವೂ ಇಲ್ಲ. ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಲು ಎಂದು ಬರೆಯೋಣವೆಂದರೆ 2019ರಿಂದ ಅದಕ್ಕೂ ಎರಡು ವರ್ಷದವರೆಗೆ ಶಿಕ್ಷೆಯಿದೆ. ಅವನು ಪಿಸ್ತೂಲನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಮೇಲೇರಿಸಿ ನೋಡುತ್ತಾನೆ.

‘ಅಣ್ಣಾವರೇ, ಇದಕ್ಕೆ ನಂಬರೇ ಇಲ್ಲ. ನಂಬರಿಲ್ಲದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನೀವು ತೆಗೆದುಕೊಂಡು ಹೋಗಿ.’

ಆಮೇಲೆ ಹಿಂದಿದ್ದವರ ಕಡೆಗೆ ತಿರುಗಿ ದನಿ ಏರಿಸುತ್ತಾನೆ.

‘ಏನು ಯಜಮಾನರೇ, ಪುಸ್ತಕದಲ್ಲಿ ಹತ್ತು ಕಾಡತೂಸು ಎಂದಿದೆ, ಇಲ್ಲಿ ಒಂಬತ್ತೇ ಇವೆ. ಇನ್ನೊಂದನ್ನು ಎಲ್ಲಿ ಇಟ್ಟಿದ್ದೀರಿ?’