ಹಿಂದಿನ ಮಾಲೀಕ ಮಾಡಿದ್ದು ಎಂದೆ

“ಇದನ್ನು ತಿರುಗಿಸಿದ್ದು ಯಾರು?” ಎಂದು ಸ್ನೋಮೊಬೈಲ್ ಅಂಗಡಿಯ ಮೆಕ್ಯಾನಿಕ್ ಕೇಳಿದಾಗ ನಾನು ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದಿದ್ದರೆ ಈ ಹೊತ್ತಿಗೆ ಊಟ ಮುಗಿಸಿ ಮಲಗಿರುತ್ತಿದ್ದೆ. ಮನೆಗೆ ಬಂದು ನಾಲ್ಕು ಗಂಟೆಯಾಯಿತು, ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ನನ್ನ ಸ್ನೋಮೊಬೈಲು ಎಂದರೆ ಮುಂದೆ ಎರಡು ಜಾರುಹಲಗೆ (ಸ್ಕಿ), ಹಿಂದೆ ಸುತ್ತುವ ರಬ್ಬರ್ ಪಟ್ಟೆ (ಟ್ರ್ಯಾಕು) ಇರುವ ಹಿಮದ ಬಂಡಿ. ಮೂರು ವಾರಾಂತ್ಯಗಳನ್ನು ನಾನು ಅದರ ಎರಡು ಕ್ಯಾಮುಗಳಿಗೆ, ಅಂದರೆ ಸ್ಪ್ರಿಂಗಿನ ಬಿಗಿಯನ್ನು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಬಿಲ್ಲೆಗಳಿಗೆ, ಬಲಿ ಕೊಟ್ಟಿದ್ದೇನೆ. ಹಿಂಬದಿಯ ಟಾರ್ಷನ್ (ತಿರುಚು) ಸ್ಪ್ರಿಂಗುಗಳ ತುದಿ ಕೂರುವ ಆ ಕ್ಯಾಮುಗಳನ್ನು, ಮೈನಸ್ ಹದಿನೈದು ಡಿಗ್ರಿಯಲ್ಲಿ, ಶೆಡ್ಡಿನ ಕಾಂಕ್ರೀಟಿನ ಮೇಲೆ ಮಗ್ಗುಲಾಗಿ ಮಲಗಿ, ಕೈಗವಸು ಬಿಚ್ಚಿದರೆ ಬೆರಳು ಮರಗಟ್ಟುತ್ತದೆ, ಹಾಕಿಕೊಂಡರೆ ಸ್ಪ್ಯಾನರ್ ಜಾರುತ್ತದೆ ಎಂಬ ಸ್ಥಿತಿಯಲ್ಲಿ ತಿರುಗಿಸಿದವನು ನಾನು. ಹಳೆಯ ಮಾಲೀಕನ ಮೈಕಟ್ಟು ನನ್ನ ಒಂದೂವರೆ ಪಟ್ಟು. ಅವನ ತೂಕಕ್ಕೆ ಹೊಂದಿಸಿದ್ದ ಸ್ಪ್ರಿಂಗು ನನಗೆ ಮರದ ಹಲಗೆಯಂತಿತ್ತು. ಶನಿವಾರದ ಓಡಾಟಕ್ಕೆ ಹಾದಿಯುದ್ದಕ್ಕೂ ಏಳುವ ಹಿಮದ ಉಬ್ಬುಗಳು ನನ್ನ ಬೆನ್ನುಮೂಳೆಯ ಮಣಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದವು. ಸಡಿಲಿಸಲು ಹೊರಟದ್ದು ಅದಕ್ಕಾಗಿಯೇ. ಸಡಿಲಿಸಿದ ಮೇಲೆ ಬಂಡಿ ಒಂದು ಮಗ್ಗುಲಿಗೆ ಎಳೆಯತೊಡಗಿತು, ತಿರುವಿನಲ್ಲಿ ಮುಂದಿನ ಸ್ಕಿಗಳು ಹಿಮವನ್ನು ಕಚ್ಚದೆ ನೆಟ್ಟಗೆ ಜಾರತೊಡಗಿದವು. ಅದರ ಮದ್ದೆಂದು, ಟ್ರ್ಯಾಕಿನ ಮುಂಭಾಗ ಎಷ್ಟು ಕೆಳಗಿಳಿಯಬಹುದೆಂದು ಕಟ್ಟಿಹಾಕುವ ಲಿಮಿಟರ್ ಪಟ್ಟಿಯನ್ನು ಎರಡು ತೂತು ಗಿಡ್ಡ ಮಾಡಿದೆ. ಪಟ್ಟಿ ಗಿಡ್ಡವಾದರೆ ಟ್ರ್ಯಾಕಿನ ಮುಂಭಾಗ ಮೇಲಕ್ಕೆ ಕಟ್ಟಿಕೊಂಡು ಭಾರ ಸ್ಕಿಗಳ ಮೇಲೆ ಬೀಳುತ್ತದೆ ಎನ್ನುವುದು ನಿಜ. ಎರಡು ತೂತಿನಷ್ಟು ಬಿದ್ದರೆ ಹ್ಯಾಂಡಲ್ ತಿರುಗಿಸಲು ಗಾಣದೆತ್ತು ಬೇಕಾಗುತ್ತದೆ ಎನ್ನುವುದನ್ನು ಮರುದಿನ ನನ್ನ ಭುಜಗಳು ಹೇಳಿದವು.

ಕೊನೆಗೆ ಇವತ್ತು ಅಂಗಡಿಗೆ ಹೋದೆ. ಇಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಹೋಟನ್ನಿನಲ್ಲಿ, ಸುಪೀರಿಯರ್ ಸರೋವರದ ಮೇಲಿಂದ ಗಾಳಿ ಹೊತ್ತು ತರುವ ಹಿಮ ಒಂದೇ ಸಮನೆ ಸುರಿಯುತ್ತಿದ್ದುದರಿಂದ ಅಂಗಡಿ ತುಂಬಿತ್ತು. ಬಂದವರೆಲ್ಲ ಕಾಫಿ ಹಿಡಿದು ನಿಂತಿದ್ದರು, ಅಪ್ಪನ ಜೊತೆ ಬಂದಿದ್ದ ಒಬ್ಬ ಹುಡುಗನೂ ಇದ್ದ. ನಾನು ಬರಿಗೈಯಲ್ಲಿ ಹೋಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನ ಕ್ಯಾಮ್ ಸ್ಪ್ಯಾನರನ್ನು ಕೌಂಟರಿನ ಮೇಲೆ ಟಣ್ಣೆಂದು ಇಟ್ಟು, ದಾವಣಗೆರೆಯಲ್ಲಿ ಹದಿನೈದನೆಯ ವಯಸ್ಸಿನಿಂದ ಅಪ್ಪನ ಬೈಕಿನ ಶಾಕ್ ಅಬ್ಸಾರ್ಬರ್ ಹೊಂದಿಸುತ್ತ ಬಂದವನು ನಾನು, ಇದರ ಸ್ಪ್ರಿಂಗಿನಲ್ಲೇ ಏನೋ ದೋಷವಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಮೆಕ್ಯಾನಿಕ್ ಏನೂ ಮಾತನಾಡಲಿಲ್ಲ. ಹಿಂದಿನ ಬಂಪರನ್ನು ಹಿಡಿದು ಸಸ್ಪೆನ್ಷನ್ ಪೂರ್ತಿ ಚಾಚುವವರೆಗೆ ಎತ್ತಿ, ನೆಲದಿಂದ ಬಂಪರಿಗೆ ಟೇಪು ಹಿಡಿದ. ಆಮೇಲೆ ನನ್ನನ್ನು ಹತ್ತಿ ಕೂರಲು ಹೇಳಿದ, ಹೆಲ್ಮೆಟ್ಟು ಬೂಟುಗಳ ಸಮೇತ. ಅಷ್ಟು ಜನರ ನಡುವೆ, ಒಳಾಂಗಣದಲ್ಲಿ, ಹೆಲ್ಮೆಟ್ ಹಾಕಿಕೊಂಡು ನಿಂತ ಬಂಡಿಯ ಮೇಲೆ ಕುಳಿತವನು ಹೇಗೆ ಕಾಣುತ್ತಾನೆಂದು ಯೋಚಿಸಿ ನೋಡಿ. ಎರಡು ಸಲ ಕುಕ್ಕರಿಸಿ ಕೂರಲು ಹೇಳಿದ, ಕುಕ್ಕರಿಸಿದೆ. ಬಂಪರು ಇಳಿದದ್ದು ಒಂದೂಕಾಲು ಇಂಚು. ನನ್ನ ಬಂಡಿಗೆ ಅದು ಮೂರು ಇಂಚಿನ ಆಸುಪಾಸು ಇಳಿಯಬೇಕಂತೆ. ಬಳಿಕ ಆತ ಬಗ್ಗಿ ಎಡಗಡೆ ನೋಡಿದ, ಎದ್ದು ಸುತ್ತು ಬಂದು ಬಲಗಡೆ ನೋಡಿದ, ಮತ್ತೆ ಎಡಗಡೆ ನೋಡಿದ. ಎಡದ ಕ್ಯಾಮು ಮೆತ್ತನೆಯ ಹಂತದಲ್ಲಿತ್ತು, ಬಲದ್ದು ಬಿಗಿಯಾದ ಹಂತದಲ್ಲಿತ್ತು. ಸಸ್ಪೆನ್ಷನ್ನಿನ ಹಿಂದಿನ ತೋಳು ಸೊಟ್ಟಗಾಗದಿದ್ದದ್ದು ನನ್ನ ಅದೃಷ್ಟವೆಂದ. ಆಗ ಬಂತು ಆ ಪ್ರಶ್ನೆ.

“ಹಿಂದಿನ ಮಾಲೀಕ” ಎಂದೆ.

ಆತ ನಿಧಾನವಾಗಿ ಟೇಪನ್ನು ಒಳಕ್ಕೆ ಬಿಟ್ಟ. ಅದು ಸರ್ರನೆ ಸುತ್ತಿಕೊಂಡ ಸದ್ದು ಈಗಲೂ ಕಿವಿಯಲ್ಲಿದೆ. “ಅವರ ಬಂಡಿಯನ್ನು ಹೊಂದಿಸಿದ್ದು ನಾನೇ, ಹೋದ ಅಕ್ಟೋಬರಿನಲ್ಲಿ, ಇದೇ ಜಾಗದಲ್ಲಿ” ಎಂದ. ನಗಲಿಲ್ಲ. ನಕ್ಕಿದ್ದರೆ ನಾನೂ ಅದರಲ್ಲಿ ಸೇರಿಕೊಳ್ಳಬಹುದಿತ್ತು. ನಕ್ಕವನು ಆ ಹುಡುಗ, ಅವನನ್ನು ಸುಮ್ಮನಾಗಿಸಿದವನು ಅವನ ಅಪ್ಪ. ನನ್ನ ಮುಖಕ್ಕೆ ಬಿದ್ದ ಏಟು ನಗುವಿನದಲ್ಲ, ಆ ಸುಮ್ಮನಾಗಿಸುವಿಕೆಯದು. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು, ಗಾಜು ಇಳಿಸಿಕೊಂಡೆ.

ಎಡದ ಕ್ಯಾಮನ್ನು ಪ್ರದಕ್ಷಿಣವಾಗಿ, ಬಲದ್ದನ್ನು ಅಪ್ರದಕ್ಷಿಣವಾಗಿ ತಿರುಗಿಸಬೇಕಂತೆ, ಎರಡೂ ಯಾವಾಗಲೂ ಒಂದೇ ಎತ್ತರದಲ್ಲಿರಬೇಕಂತೆ. ಕೈಪಿಡಿಯಲ್ಲಿ ಇದೆ, ಈಗ ನೋಡಿದೆ, ಎಚ್ಚರಿಕೆಯ ಚೌಕಟ್ಟಿನೊಳಗೇ ಇದೆ. ಆದರೆ ನಾನು ಕೇಳುವುದು ಇಷ್ಟೇ: ಆ ಕ್ಯಾಮಿನ ಮೇಲೆ ಒಂದು ಬಾಣದ ಗುರುತು ಕೆತ್ತಲು ಏನು ಖರ್ಚಾಗುತ್ತಿತ್ತು? 1978–79ರ ಚಳಿಗಾಲದಲ್ಲಿ 390.4 ಇಂಚು ಹಿಮ ಬಿತ್ತೆಂಬುದನ್ನು ಹೆದ್ದಾರಿಯ ಬದಿಯಲ್ಲಿ ಮರಗಳೆತ್ತರದ ಅಳತೆಗೋಲು ನೆಟ್ಟು ಹೋಗಿಬರುವವರಿಗೆಲ್ಲ ತೋರಿಸುವ ಸೀಮೆಯಿದು. ಇಲ್ಲಿ ಓಡುವ ಬಂಡಿಗೆ ಅರ್ಧ ಇಂಚಿನ ಬಾಣ ಭಾರವಾಯಿತೇ? ಅಪ್ಪನ ಬೈಕಿನಲ್ಲಿ ಎರಡೂ ಶಾಕುಗಳು ಒಂದೇ ಕಡೆಗೆ ತಿರುಗುತ್ತಿದ್ದವು, ಇಲ್ಲಿಯೂ ಹಾಗೆಯೇ ತಿರುಗಿಸಿದೆ. ಸಾಲದ್ದಕ್ಕೆ, ದೇವಸ್ಥಾನದ ಬೀದಿಯಲ್ಲಿ ಬೆಳೆದವನಿಗೆ ಅಪ್ರದಕ್ಷಿಣೆ ಹೊಳೆಯುವುದಾದರೂ ಹೇಗೆ? ಯಾರಾದರೂ ಉತ್ತರ ಹೇಳಿ. ಸ್ನೋಮೊಬೈಲ್ ಓಡಿಸದವರು ಹೇಳಿದರೂ ಆದೀತು.

ಹೇಳಬೇಡಿ, ಬಿಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಆಕೆಗಿಂತ ಒಂದು ಹೆಜ್ಜೆ ಮುಂದೆ: ಮೂರು ವಾರ ಕಷ್ಟಪಟ್ಟು ನೆಲವನ್ನು ನಿಜವಾಗಿಯೂ ಡೊಂಕು ಮಾಡಿ, ಆಮೇಲೆ ದೂರು ಒಯ್ದೆ.

ಕೆಲಸಕ್ಕೆ ಹಿಡಿದದ್ದು ಏಳು ನಿಮಿಷ, ಬಿಲ್ಲಿನಲ್ಲಿ ಇರುವುದು ಒಂದು ಗಂಟೆಯ ಕೂಲಿ. ಇದು ಹಗಲುದರೋಡೆ ಎಂದು ಬೈಯುತ್ತಲೇ ಮನೆಗೆ ಬಂದೆ. ಬರುವಾಗ ದಾರಿಯ ಉಬ್ಬುಗಳ ಮೇಲೆ ಬಂಡಿ ದೋಣಿಯಂತೆ ತೇಲಿತು, ಸ್ಕಿಗಳು ಹೇಳಿದತ್ತ ತಿರುಗಿದವು, ಬೆನ್ನು ತುಟಿಪಿಟಕ್ಕೆನ್ನಲಿಲ್ಲ. ಇಷ್ಟು ಚೆನ್ನಾಗಿ ಮಾಡಿಕೊಟ್ಟದ್ದೇ ನನಗೆ ಇನ್ನೂ ಹೆಚ್ಚು ಕೋಪ ತರಿಸಿತು. ಒಂದಿಷ್ಟಾದರೂ ಕೆಡಿಸಿದ್ದರೆ ನಾಳೆ ಹೋಗಿ ಜಗಳವಾಡಬಹುದಿತ್ತು.

ನಾಳೆ ಹೇಗೂ ಹೋಗಲೇಬೇಕು. ಎಲ್ಲರಿಗೂ ಕಾಣುವಂತೆ ಟಣ್ಣೆಂದು ಇಟ್ಟೆನಲ್ಲ, ಆ ಸ್ಪ್ಯಾನರ್ ಅವರ ಕೌಂಟರಿನ ಮೇಲೆಯೇ ಉಳಿದಿದೆ.