ಸಾಕ್ಷಿ ಹೇಳೋಕೆ ಬರೋರು ಯಾರು?

ಹೊಳಲ್ಕೆರೆಯಲ್ಲಿರುವ ನನ್ನ ಅಕ್ಕನ ಮಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಹಡಗು ಕಡಲ್ಗಳ್ಳರ ಕಾಟವಿರುವ ಏಡನ್ ಕೊಲ್ಲಿ ಕಡೆ ಹೊರಟಿತು ಅಂದರೆ ಅಕ್ಕನಿಗೆ ನಿದ್ದೆ ಇಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತ್ತಾ ‘ರುಯೆನ್’ ಹಡಗನ್ನು ಬಿಡಿಸಿ 35 ಸೊಮಾಲಿ ಕಡಲ್ಗಳ್ಳರನ್ನು ಹಿಡಿದಾಗ ಅವಳು ಅತ್ತೇಬಿಟ್ಟಳು. ನನಗೂ ಹೆಮ್ಮೆಯಾಯಿತು. ಆದರೆ ಚಿತ್ರದುರ್ಗದ ಕೋರ್ಟಿನಲ್ಲಿ ಇಪ್ಪತ್ತು ವರ್ಷ ವಕೀಲಿಕೆ ಮಾಡಿದವನು ನಾನು. ಈ ಕೇಸು ನಿಲ್ಲುತ್ತಾ ಅನ್ನೋದೇ ತಲೆಗೆ ಹೊಕ್ಕಿತು.

ಹಡಗಿನ ಮೇಲಿದ್ದದ್ದು ಮಾಲ್ಟಾ ಬಾವುಟ, ಅಂದರೆ ಅದು ನೋಂದಣಿಯಾಗಿದ್ದು ಆ ದೇಶದಲ್ಲಿ. ಒಳಗಿದ್ದ 17 ನಾವಿಕರು ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲಾದವರು. ಹಿಡಿದದ್ದು ನಮ್ಮ ತೀರದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ, ಒಪ್ಪಿಸಿದ್ದು ಮುಂಬೈ ಪೊಲೀಸರಿಗೆ. ಹಿರಿಯೂರಿನ ಸಾಕ್ಷಿಯನ್ನು ವಾಯಿದೆ ದಿನ ದುರ್ಗಕ್ಕೆ ಕರೆಸೋದೇ ನಮಗೆ ಸಾಕುಬೇಕಾಗುತ್ತದೆ. ಶೇಂಗಾ ಕೀಳೋದಿತ್ತು ಸಾರ್ ಅಂತಾರೆ. ಇನ್ನು ಅಂಗೋಲಾದ ನಾವಿಕ?

1999ರಲ್ಲಿ ‘ಅಲೋಂಡ್ರಾ ರೇನ್‌ಬೋ’ ಹಡಗನ್ನೂ ನಮ್ಮವರೇ ಬೆನ್ನಟ್ಟಿ ಹಿಡಿದಿದ್ದರು. ಅಲ್ಯೂಮಿನಿಯಂ ತುಂಬಿದ್ದ ಹಡಗು. ಕಳ್ಳರು ಅದರ ನಾವಿಕರನ್ನು ತೆಪ್ಪಕ್ಕೆ ಹತ್ತಿಸಿ ನಡುನೀರಲ್ಲಿ ಬಿಟ್ಟಿದ್ದರು. 2003ರಲ್ಲಿ ಮುಂಬೈ ಕೋರ್ಟು ಶಿಕ್ಷೆ ಕೊಟ್ಟಿತು, 2005ರಲ್ಲಿ ಹೈಕೋರ್ಟಿನಲ್ಲಿ ಎಲ್ಲರೂ ಖುಲಾಸೆ. ಕಡಲ್ಗಳ್ಳತನಕ್ಕೆ ಅಂತಲೇ ಒಂದು ಕಾನೂನು ಆಗ ನಮ್ಮಲ್ಲಿ ಇರಲಿಲ್ಲ. ಅದು ಸಂಸತ್ತಿನಲ್ಲಿ ಪಾಸಾದದ್ದು 2022ರ ಕೊನೆಯಲ್ಲಿ. ಇಷ್ಟು ತಡವಾಗಿದ್ದು ನನಗೆ ಈಗಲೂ ನೋವು.

ವಿಶ್ವಸಂಸ್ಥೆಯ ಸಮುದ್ರ ಒಪ್ಪಂದದ 105ನೇ ವಿಧಿ ಪ್ರಕಾರ, ಯಾವ ದೇಶಕ್ಕೂ ಸೇರದ ಕಡಲಿನಲ್ಲಿ ಹಿಡಿದವರೇ ವಿಚಾರಣೆ ಮಾಡಬಹುದು. ‘ಮಾಡಬಹುದು’ ಅಷ್ಟೇ, ‘ಮಾಡಲೇಬೇಕು’ ಅಂತಿಲ್ಲ. ಅದಕ್ಕೇ ಎಷ್ಟೋ ನೌಕಾಪಡೆಗಳು ಬಂದೂಕು ಕಿತ್ತುಕೊಂಡು ಕಳ್ಳರನ್ನು ಸುಮ್ನೆ ಬಿಟ್ಟು ಕಳಿಸಿದವು. ಆಗ ಹೊರೆ ಹೊತ್ತದ್ದು ಕೀನ್ಯಾ ಮತ್ತು ಪುಟ್ಟ ದ್ವೀಪದೇಶ ಸೇಶೆಲ್ಸ್. ನಮ್ಮ ಪಕ್ಕದ ದಾವಣಗೆರೆ ನಗರದಷ್ಟೂ ಜನ ಇಲ್ಲ ಸೇಶೆಲ್ಸ್‌ನಲ್ಲಿ! ಆದರೂ ಬೇರೆಯವರು ಹಿಡಿದು ತಂದವರನ್ನು ವಿಚಾರಣೆ ಮಾಡಿ ಜೈಲಿಗೆ ಹಾಕಿತು. ದೊಡ್ಡ ದೇಶಗಳು ಇದಕ್ಕೆ ತಲೆಬಾಗಬೇಕು.

ಬಾವುಟದ ದೇಶ, ಹಡಗಿನ ಮಾಲೀಕ, ನಾವಿಕರ ದೇಶ, ಮೂವರೂ ಸೇರಿ ಸಾಕ್ಷಿಗಳನ್ನು ಒದಗಿಸಬೇಕು. ಬರಲಾಗದವರ ಹೇಳಿಕೆಯನ್ನು ಅವರ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಿಂದ ವಿಡಿಯೋದಲ್ಲಿ ಪಡೆಯಲಿ. ಆ ದಿನಗಳ ಸಂಬಳ ಕಂಪನಿ ಕೊಡಲಿ. ಆರೋಪಿಗಳಿಗೂ ಸೊಮಾಲಿ ಭಾಷೆ ಗೊತ್ತಿರುವ ದುಭಾಷಿ ಬೇಕು. ತನ್ನ ಮೇಲಿನ ಆರೋಪವೇ ಅರ್ಥವಾಗದವನಿಗೆ ಶಿಕ್ಷೆ ಕೊಟ್ಟರೆ ಅದು ನ್ಯಾಯ ಅಲ್ಲ.

ಕಳೆದ ಸಲ ರಜೆಗೆ ಬಂದಾಗ ಹುಡುಗ ಕೇಳಿದ: “ಮಾವ, ಕಳ್ಳರು ನನ್ನನ್ನೇ ಹಿಡಿದುಬಿಟ್ಟರು ಅಂದ್ಕೊಳ್ಳಿ. ಮೂರು ವರ್ಷ ಆದ್ಮೇಲೆ ಯಾವುದೋ ದೇಶದ ಕೋರ್ಟಿಂದ ಕರೆ ಬಂದರೆ, ಅಷ್ಟೊತ್ತಿಗೆ ನಾನು ಬೇರೆ ಹಡಗಲ್ಲಿ ಇರ್ತೀನಿ. ನನ್ನನ್ನ ಯಾರು ಕಳಿಸ್ತಾರೆ?”