ಕೆಂಪು ಬಂತು, ಈಗ ಏನು ಮಾತಾಡೋದು?

ನನ್ನ ಕಂಪ್ಯೂಟರಿನ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಚೌಕ ಮೇಲೆದ್ದು ಬರುತ್ತದೆ. ಹಸಿರು, ಕಿತ್ತಳೆ ಇಲ್ಲಾ ಕೆಂಪು. ಮೆಲ್ಬರ್ನಿನ ಪಶ್ಚಿಮದ ಒಂದು ಬಡಾವಣೆಯಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಈ ಬಣ್ಣಗಳು ಈಗ ಕನಸಲ್ಲೂ ಬರುತ್ತವೆ.

ಇದರ ಹೆಸರು ಸೇಫ್‌ಸ್ಕ್ರಿಪ್ಟ್. ವಿಕ್ಟೋರಿಯಾ ರಾಜ್ಯದ ವ್ಯವಸ್ಥೆ. ಮಾರ್ಫಿನ್, ಆಕ್ಸಿಕೋಡೋನ್ ಜಾತಿಯ ನೋವಿನ ಮಾತ್ರೆ, ಕೊಡೀನ್, ಆತಂಕ ತಗ್ಗಿಸುವ ಡಯಜೆಪಾಮ್, ಅಲ್ಪ್ರಜೋಲಾಂ, ನಿದ್ರೆಗೆ ಕೊಡುವ ಜೋಲ್ಪಿಡೆಮ್, ಇಂಥವನ್ನೆಲ್ಲ ಯಾವ ಡಾಕ್ಟರು ಬರೆದರು, ಯಾವ ಅಂಗಡಿ ಎಷ್ಟು ಕೊಟ್ಟಿತು ಅನ್ನೋದು ಆಗಿಂದಾಗಲೇ ಒಂದೇ ಕಡೆ ದಾಖಲಾಗುತ್ತದೆ. ಡಾಕ್ಟರು ಬರೆಯುವ ಮುಂಚೆ ನೋಡಬೇಕು, ನಾವು ಕೊಡುವ ಮುಂಚೆ ನೋಡಬೇಕು. ಕಾನೂನು ಹಾಗಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇರುವವರು, ಕೊನೆಗಾಲದ ಆರೈಕೆಯಲ್ಲಿ ಇರುವವರು, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ.

ಹಸಿರು ಅಂದ್ರೆ ದಾಖಲೆಯಲ್ಲಿ ಅಪಾಯದ್ದೇನೂ ಕಾಣಲಿಲ್ಲ ಅಂತ, ಕೆಂಪು ಅಂದ್ರೆ ಅಪಾಯ ಇರಬಹುದು ಅಂತ. ಮೂರು ತಿಂಗಳಲ್ಲಿ ನಾಲ್ಕು ಬೇರೆ ಬೇರೆ ಡಾಕ್ಟರ ಹತ್ತಿರ ಬರೆಸಿಕೊಂಡಿದ್ದರೆ ಕೆಂಪು. ಓಪಿಯಾಯ್ಡ್, ಅಂದ್ರೆ ಮಾರ್ಫಿನ್ ಜಾತಿಯ ನೋವಿನ ಮಾತ್ರೆ, ಎಲ್ಲ ಕೂಡಿಸಿ ದಿನಕ್ಕೆ 100 ಮಿಲಿಗ್ರಾಂ ಮಾರ್ಫಿನ್‌ಗೆ ಸಮ ಆಗುವಷ್ಟು ದಾಟಿದರೆ ಕೆಂಪು. ಒಟ್ಟಿಗೆ ತಗೊಂಡರೆ ಉಸಿರೇ ನಿಲ್ಲಿಸಬಹುದಾದ ಕೆಲವು ಜೋಡಿ ಇವೆ, ಅವು ಕಂಡರೂ ಕೆಂಪು.

ಇದು ಯಾಕೆ ಬಂತು ಅಂದ್ರೆ, ಇಲ್ಲಿ ಕೆಲವು ವರ್ಷ ರಸ್ತೆ ಅಪಘಾತಕ್ಕಿಂತ ಡಾಕ್ಟರು ಬರೆದುಕೊಡುವ ಇಂಥ ಮಾತ್ರೆಗಳು ಮಿತಿಮೀರಿ ಸತ್ತವರೇ ಜಾಸ್ತಿ ಇದ್ದರು. ಗಾಂಜಾ, ಹೆರಾಯಿನ್ ಅಲ್ಲ. ನಮ್ಮಂಥವರು ಲೇಬಲ್ ಅಂಟಿಸಿ, ಕವರಿಗೆ ಹಾಕಿ, ನಗುನಗುತ್ತಾ ಕೊಟ್ಟ ಮಾತ್ರೆಗಳು. ಅಸಹಜ ಸಾವುಗಳನ್ನು ವಿಚಾರಣೆ ಮಾಡುವ ಕರೋನರ್‌ಗಳು ಇಂಥದ್ದೊಂದು ವ್ಯವಸ್ಥೆ ಬೇಕು ಅಂತ ವರ್ಷಗಟ್ಟಲೆ ಹೇಳಿದರು. 2018ರ ಅಕ್ಟೋಬರಿನಲ್ಲಿ ರಾಜ್ಯದ ಪಶ್ಚಿಮ ಭಾಗದಲ್ಲಿ ಶುರುವಾಯಿತು, 2019ರ ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ಬಂತು, 2020ರ ಏಪ್ರಿಲ್ 1ರಿಂದ ಕಡ್ಡಾಯ.

2020ರ ಏಪ್ರಿಲ್! ಕೊರೋನಾ ಲಾಕ್‌ಡೌನ್ ಆಗಷ್ಟೇ ಶುರುವಾಗಿತ್ತು. ಇನ್‌ಹೇಲರ್ ಇಲ್ಲ, ಸ್ಯಾನಿಟೈಸರ್ ಇಲ್ಲ, ಕೌಂಟರಿನ ಮುಂದೆ ನೆಲಕ್ಕೆ ಟೇಪ್ ಅಂಟಿಸಿ ಜನರನ್ನು ದೂರ ದೂರ ನಿಲ್ಲಿಸಿದ್ದೆವು. ಆ ಗಲಾಟೆಯಲ್ಲಿ ನಾನೊಂದು ತಪ್ಪು ಮಾಡಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ.

ಐವತ್ತರ ಆಸುಪಾಸಿನ ಮನುಷ್ಯ. ಬೆನ್ನಿಗೆ ಪೆಟ್ಟಾಗಿ ಕೆಲಸ ಬಿಟ್ಟವನು. ಆಕ್ಸಿಕೋಡೋನ್ ಚೀಟಿ ಕೊಟ್ಟ. ಕೆಂಪು ಬಂತು. ತೆರೆದು ನೋಡಿದರೆ ಐದು ಡಾಕ್ಟರು, ಮೂರು ಅಂಗಡಿ. ನನಗೆ ಎದೆ ಢವಢವ. ಆರು ಅಡಿ ಆಚೆ ನಿಂತಿದ್ದ, ಬಾಯಿಗೆ ಮಾಸ್ಕ್ ಬೇರೆ. ಕೇಳಿಸಲಿ ಅಂತ ಜೋರಾಗಿ, "ಸಿಸ್ಟಮ್‌ನಲ್ಲಿ ನಿಮ್ಮ ಹೆಸರಿಗೆ ಕೆಂಪು ತೋರಿಸ್ತಿದೆ, ಕೊಡೋಕಾಗಲ್ಲ" ಅಂದುಬಿಟ್ಟೆ. ಹಿಂದೆ ನಿಂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಅವನು ಜಗಳ ಆಡಲಿಲ್ಲ. ಚೀಟಿ ವಾಪಸ್ ತಗೊಂಡು ಎರಡು ಮಡಿಕೆ ಮಾಡಿ, ಮತ್ತೆ ಎರಡು ಮಡಿಕೆ ಮಾಡಿ ಜೇಬಿಗಿಟ್ಟ. "ಸಾರಿ" ಅಂದ. ನನಗೆ ಸಾರಿ ಹೇಳಿದ, ನೋಡಿ! ಮತ್ತೆಂದೂ ನಮ್ಮ ಅಂಗಡಿಗೆ ಬರಲಿಲ್ಲ.

ಸಿಸ್ಟಮ್ ಕೊಡಬೇಡ ಅಂತ ಹೇಳಿರಲಿಲ್ಲ. ಅದು ಯಾವತ್ತೂ ಹಾಗೆ ಹೇಳುವುದಿಲ್ಲ. ಹಿಂದಿನ ಲೆಕ್ಕ ತೋರಿಸುತ್ತದೆ ಅಷ್ಟೇ. ಕೊಡೋದು ಬಿಡೋದು ಡಾಕ್ಟರು ಮತ್ತು ನಾನು ಸೇರಿ ಯೋಚಿಸಬೇಕಾದ ವಿಷಯ. ಆ ಐದು ಡಾಕ್ಟರಲ್ಲಿ ಮೂವರು ಒಂದೇ ಊರಿನ ಬೇರೆ ಬೇರೆ ಕ್ಲಿನಿಕ್ಕಿನವರು. ಬಹುಶಃ ಅವನ ಡಾಕ್ಟರು ಸಿಗದೆ, ಅಪಾಯಿಂಟ್‌ಮೆಂಟ್ ಸಿಕ್ಕಲ್ಲಿಗೆ ಹೋಗಿದ್ದನೇನೋ. ಚಟವೇ ಇತ್ತೇನೋ. ಕೇಳಿದ್ದರೆ ತಾನೇ ಗೊತ್ತಾಗೋದು? ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತರಬೇತಿ ಇರಲಿಲ್ಲವಾ ಅಂತ ನೀವು ಕೇಳಬಹುದು. ಇತ್ತು. ಆನ್‌ಲೈನ್ ಪಾಠ ಮುಗಿಸಿದ್ದೆ, ಕೊನೆಯ ಪ್ರಶ್ನೆಗಳಿಗೆ ಸರಿ ಉತ್ತರ ಒತ್ತಿದ್ದೆ. ಆದರೆ ನಿಜ ಹೇಳ್ತೀನಿ, ಲಾಗಿನ್ ಹೇಗೆ, ಯಾವ ಬಣ್ಣಕ್ಕೆ ಏನರ್ಥ ಅನ್ನೋದಷ್ಟೇ ತಲೆಯಲ್ಲಿ ಉಳಿದಿತ್ತು. ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನುವ ಭಾಗವೂ ಇತ್ತು. ರಾತ್ರಿ ಹತ್ತು ಗಂಟೆಗೆ ಸೋಫಾದಲ್ಲಿ ಕೂತು ಅದನ್ನು ಓಡಿಸಿಕೊಂಡು ನೋಡಿದ್ದೆ. ಎದುರಿಗೆ ಮನುಷ್ಯ ಇಲ್ಲದೆ ಮಾತು ಕಲಿಯೋದು ನೀರಿಲ್ಲದೆ ಈಜು ಕಲಿತಂತೆ.

ಕೊರೋನಾ ಮುಗಿದ ಮೇಲೆ ಒಂದು ಸಂಜೆಯ ಕಾರ್ಯಾಗಾರಕ್ಕೆ ಹೋದೆ. ಹತ್ತು ಡಾಕ್ಟರು, ಹತ್ತು ಫಾರ್ಮಸಿಸ್ಟರು, ತಣ್ಣಗಾದ ಸ್ಯಾಂಡ್‌ವಿಚ್ಚು. ಜೋಡಿ ಮಾಡಿ ಪಾತ್ರ ಹಂಚಿದರು. ಒಬ್ಬ ಹಿರಿಯ ಡಾಕ್ಟರು ರೋಗಿ, ನಾನು ಫಾರ್ಮಸಿಸ್ಟೇ. "ಸ್ವಲ್ಪ ಆ ಕಡೆ ಕೂತು ಮಾತಾಡೋಣವಾ" ಅಂತ ಶುರು ಮಾಡಿದೆ. ಅಷ್ಟಕ್ಕೇ ಆತ, "ಯಾಕೆ, ನನ್ನ ಮೇಲೆ ಅನುಮಾನವಾ?" ಅಂತ ಮುಖ ಕೆಂಪು ಮಾಡಿಕೊಂಡರು. ನಟನೆ ಅಂತ ಗೊತ್ತಿದ್ದೂ ನನ್ನ ಕೈ ನಡುಗಿತು. ಮೂರನೇ ಸಲಕ್ಕೆ ಸರಿಯಾದ ಮಾತು ಬಾಯಿಗೆ ಬಂತು: "ನೋವು ಈಗ ಹೇಗಿದೆ? ಈ ಮಾತ್ರೆಗಳು ಒಟ್ಟಿಗೆ ಸೇರಿದರೆ ನಿಮ್ಮ ಉಸಿರಿಗೆ ತೊಂದರೆ ಆಗಬಹುದು ಅಂತ ನನಗೆ ಭಯ." ಆಮೇಲೆ ಆ ಡಾಕ್ಟರು ಹೇಳಿದ್ದು ನೆನಪಿದೆ, ಮೂವತ್ತು ವರ್ಷದಲ್ಲಿ ಕೌಂಟರಿನ ಈ ಕಡೆಯಿಂದ ಯೋಚಿಸಿದ್ದು ಇದೇ ಮೊದಲಂತೆ. ಆ ಎರಡು ಗಂಟೆಯಲ್ಲಿ ಕಲಿತದ್ದನ್ನು ನಾನು ಯಾವ ಸ್ಕ್ರೀನಿನಿಂದಲೂ ಕಲಿತಿಲ್ಲ.

ಅದಕ್ಕೇ ನನ್ನ ವಾದ ಇಷ್ಟು. ಸಾಫ್ಟ್‌ವೇರ್ ಕಲಿಸೋಕೆ ಅರ್ಧ ಗಂಟೆ ಸಾಕು. ಉಳಿದ ಸಮಯವೆಲ್ಲ ಕೆಂಪು ಬಂದ ಮೇಲಿನ ಐದು ನಿಮಿಷಕ್ಕೆ ಕೊಡಿ. ಡಾಕ್ಟರನ್ನೂ ಫಾರ್ಮಸಿಸ್ಟನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಈಗ ಏನಾಗುತ್ತೆ ಅಂದ್ರೆ, ಡಾಕ್ಟರು ಹೆದರಿ ಬರೆಯೋದೇ ನಿಲ್ಲಿಸುತ್ತಾರೆ, ನಾವು ಹೆದರಿ ಕೊಡೋದೇ ನಿಲ್ಲಿಸುತ್ತೇವೆ, ರೋಗಿ ನಡುವೆ ನಿಂತಿರುತ್ತಾನೆ. ವರ್ಷಗಟ್ಟಲೆ ಓಪಿಯಾಯ್ಡ್ ತಗೊಂಡವರಿಗೆ ದಿಢೀರಂತ ನಿಲ್ಲಿಸಬೇಡಿ, ತಡೆಯಲಾರದ ನೋವು, ಆತ್ಮಹತ್ಯೆವರೆಗೂ ಹೋದೀತು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ದಾರಿಗಳು ಇವೆ. ತಿಂಗಳ ಮಾತ್ರೆ ಒಟ್ಟಿಗೆ ಕೊಡದೆ ವಾರಕ್ಕಿಷ್ಟು ಅಂತ ಕೊಡಬಹುದು. ಜೊತೆಗೆ, ಓಪಿಯಾಯ್ಡ್ ಮಿತಿಮೀರಿ ಉಸಿರು ನಿಂತಾಗ ಕಾಪಾಡುವ ನಲೋಕ್ಸೋನ್ ಮೂಗಿನ ಸ್ಪ್ರೇ ಕೊಡಬಹುದು, 2022ರ ಜುಲೈಯಿಂದ ಅದು ದೇಶದೆಲ್ಲೆಡೆ ಚೀಟಿ ಇಲ್ಲದೆ, ಕಾಸಿಲ್ಲದೆ ಸಿಗುವ ವ್ಯವಸ್ಥೆ ಇದೆ. ಡಾಕ್ಟರಿಗೆ ಒಂದು ಫೋನ್ ಮಾಡಬಹುದು. ಅವತ್ತು ಇದರಲ್ಲಿ ಒಂದೂ ನನಗೆ ಹೊಳೆಯಲಿಲ್ಲ.

ಇನ್ನು ಹಸಿರಿನ ಕಥೆ. ಕೆಂಪಿಗಿಂತ ಅದೇ ನನಗೆ ಹೆಚ್ಚು ಭಯ.

ಹೋದ ಚಳಿಗಾಲದಲ್ಲಿ ಮೈಸೂರಿನ ಆಂಟಿಯೊಬ್ಬರು ಬಂದರು. ಮಗನ ಮನೆಗೆ ಆರು ತಿಂಗಳಿಗೆ ಬಂದವರು. ಸ್ವೆಟರ್ ಮೇಲೆ ಶಾಲು, ಕಾಲಿಗೆ ಸಾಕ್ಸ್ ಮೇಲೆ ಚಪ್ಪಲಿ. ಮಂಡಿನೋವಿಗೆ ಇಲ್ಲಿನ ಡಾಕ್ಟರು ಕೊಡೀನ್ ಸೇರಿದ ಮಾತ್ರೆ ಬರೆದಿದ್ದರು. ಸೇಫ್‌ಸ್ಕ್ರಿಪ್ಟ್ ಹಸಿರು. ಮಗ ಕಾರ್ ತರಲು ಹೋಗಿದ್ದ. ನನ್ನ ಬ್ಯಾಡ್ಜಿನ ಹೆಸರು ನೋಡಿ, "ಏನಮ್ಮಾ, ನೀನು ಕನ್ನಡದೋಳಾ?" ಅಂದರು. ಮುಗೀತು, ದಾವಣಗೆರೆ, ಬೆಣ್ಣೆದೋಸೆ ಎಲ್ಲ ಬಂತು.

ಸುಮ್ನೆ ಕೇಳಿದೆ, "ಊರಿಂದ ಏನಾದ್ರೂ ಮಾತ್ರೆ ತಂದಿದ್ದೀರಾ ಆಂಟಿ?"

"ಬಿಪಿದು ಅಷ್ಟೇ ಕಣಮ್ಮ. ಆಮೇಲೆ ಇದೊಂದು, ನಿದ್ದೆಗೆ."

ಪರ್ಸಿನ ಜಿಪ್ ತೆಗೆದು ಸ್ಟ್ರಿಪ್ ಕೊಟ್ಟರು. ನಮ್ಮೂರ ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಡ್ತಾರಲ್ಲ, ಹಾಗೆ. ಹೆಸರು ಅರ್ಧ ಹೋಗಿತ್ತು. ಉಳಿದ ಅಕ್ಷರ ಓದಿದರೆ ಅಲ್ಪ್ರಜೋಲಾಂ. ಆರು ವರ್ಷದಿಂದ ದಿನಾ ರಾತ್ರಿ ಒಂದು. ಆಸ್ಟ್ರೇಲಿಯಾದಲ್ಲಿ ಇದು 2014ರಿಂದ ಮಾರ್ಫಿನ್ ಇರುವ ಬಿಗಿ ನಿಯಂತ್ರಣದ ಪಟ್ಟಿಯಲ್ಲೇ ಇದೆ. ಕೊಡೀನ್ ಜೊತೆ ಸೇರಿದರೆ ರಾತ್ರಿ ಬಾತ್‌ರೂಮಿಗೆ ಎದ್ದವರು ಬೀಳಬಹುದು, ಉಸಿರು ನಿಧಾನ ಆಗಬಹುದು. ಆದರೆ ಸೂಟ್‌ಕೇಸಲ್ಲಿ ಬಂದ ಮಾತ್ರೆ ಸೇಫ್‌ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗಬೇಕು? ಡಾಕ್ಟರು ಕೇಳಿದ್ದರಂತೆ. ಮಗ "ಬಿಪಿ ಮಾತ್ರ" ಅಂತ ಉತ್ತರ ಕೊಟ್ಟಿದ್ದ. ಅವನಿಗೂ ಗೊತ್ತಿರಲಿಲ್ಲ.

ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಕೊಡೀನ್ ಬಿಟ್ಟು ಬೇರೆ ನೋವಿನ ಮಾತ್ರೆ ಆಯಿತು. ಅಲ್ಪ್ರಜೋಲಾಂ ಒಂದೇ ಸಲಕ್ಕೆ ಬಿಟ್ಟರೆ ಫಿಟ್ಸ್ ಬರಬಹುದು, ಹಾಗಾಗಿ ಅದನ್ನು ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸೋಣ ಅಂತಾಯಿತು.

ಆ ಸ್ಟ್ರಿಪ್ ನೋಡಿ ನನಗೆ ನನ್ನದೇ ಹಳೇ ಕೆಲಸ ನೆನಪಾಯಿತು. ಬಿ.ಫಾರ್ಮ ಓದುವಾಗ ಸಂಜೆ ಒಂದು ಮೆಡಿಕಲ್ ಶಾಪಿನಲ್ಲಿ ಕೂರುತ್ತಿದ್ದೆ. ಭಾರತದಲ್ಲೂ ನಿಯಮ ಇಲ್ಲದೆ ಇಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅನ್ನುವ ಔಷಧಗಳ ಪಟ್ಟಿ ಜಾರಿಯಲ್ಲಿದೆ. ಅಲ್ಪ್ರಜೋಲಾಂ, ಟ್ರಮಡಾಲ್, ಕೊಡೀನ್ ಎಲ್ಲ ಅದರಲ್ಲಿವೆ. ಬರೆದ ಡಾಕ್ಟರು, ರೋಗಿ, ಮಾತ್ರೆ, ಎಷ್ಟು ಕೊಟ್ಟಿದ್ದು, ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ನಮ್ಮಲ್ಲಿ ಆ ರಿಜಿಸ್ಟರ್ ಅಂಗಡಿ ಮುಚ್ಚುವ ಹೊತ್ತಿಗೆ, ನೆನಪಿದ್ದಷ್ಟು, ನಾನೇ ತುಂಬುತ್ತಿದ್ದೆ. ಯಾಕೆ ಬರೀತಿದ್ದೀವಿ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾಳೆ ಆ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದರೂ, ಕೂತಿರೋದು ಅವತ್ತಿನ ನನ್ನಂಥ ಹುಡುಗಿಯೇ ಆದರೆ ಏನು ಪ್ರಯೋಜನ?

ಊರಿಗೆ ಹೊರಡುವ ಹಿಂದಿನ ವಾರ ಆಂಟಿ ಬಂದಿದ್ದರು. ಒಂದು ಡಬ್ಬಿ ಚಕ್ಕುಲಿ ತಂದಿದ್ದರು. ಮಾತ್ರೆ ಅರ್ಧಕ್ಕೆ ಇಳಿದಿತ್ತು. ಮೈಸೂರಿನ ಡಾಕ್ಟರಿಗೆ ಅಂತ ಇಲ್ಲಿನವರು ಕೊಟ್ಟ ಪತ್ರವನ್ನು ಪಾಸ್‌ಪೋರ್ಟಿನ ಕವರಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರು.

"ಅಲ್ಲಿ ಮೆಡಿಕಲ್ ಶಾಪಿನವನು ಯಾಕೆ ಕಮ್ಮಿ ಮಾಡಿದ್ರಿ ಅಂತ ಕೇಳಿದ್ರೆ ಏನು ಹೇಳ್ಲಿ?" ಅಂದರು.

"ಅವರು ಕೇಳಲ್ಲ ಆಂಟಿ," ಅಂದೆ. "ನೀವೇ ಹೇಳಿ."